ಕೊಳೆ ಔಷಧಿ, ಖಾಲಿ ಕ್ಯಾನು ಮತ್ತು ಮೂತ್ರದ ಬಣ್ಣ: ನನ್ನ ಅನುಭವ

ಹೊಸನಗರ ಕಡೆ ಅಡಿಕೆ ತೋಟ ಇರುವವರಿಗೆ ಗೊತ್ತು, ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನ ಯಾರಿಗೂ ಬಾಯಾರುವುದಿಲ್ಲ. ಹೊರಗೆ ಜಿಟಿಜಿಟಿ ಮಳೆ, ಮೈಮೇಲೆ ಪ್ಲಾಸ್ಟಿಕ್ ಕೋಟು, ಒಳಗೆಲ್ಲ ಬೆವರು. ಸಂಜೆ ತಲೆನೋವು, ಮೀನಖಂಡ ಹಿಡಿತ. ಮರುದಿನ ರಜೆ. ಉದ್ದ ಕೋಲಿನ ದೋಟಿಯಲ್ಲಿ ಔಷಧಿ ಹೊಡೆಯುವವರಿಗೆ ದಿನಕ್ಕೆ ಒಂದೂವರೆ ಸಾವಿರದ ಹತ್ತಿರ ಕೊಡುತ್ತೇನೆ. ಮಧ್ಯಾಹ್ನ ಒಬ್ಬ ಕೂತುಬಿಟ್ಟರೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಮರುದಿನಕ್ಕೆ ಬರುವುದಿಲ್ಲ, ಮೈಲುತುತ್ತದ ದುಡ್ಡೂ ಹೋಯಿತು.

ಮೈಯಲ್ಲಿ ನೀರು ಕಡಿಮೆಯಾಗಿದೆಯೇ ಎಂದು ತಿಳಿಯಲು ಆಳುಗಳಿಗೆ ಮೂತ್ರದ ಬಣ್ಣ ನೋಡಿಸುತ್ತೇನೆ ಎಂದಾಗ ಪಕ್ಕದ ತೋಟದವರು ನಕ್ಕರು. "ಭಾವ, ಇನ್ನು ಉಚ್ಚೆ ಲೆಕ್ಕಾನೂ ಬರೀತೀರಾ?" ಈಗ ಹೇಳುತ್ತೇನೆ, ಒಂದು ಸುತ್ತು ಔಷಧಿ ಹೊಡೆಯುವಷ್ಟರಲ್ಲಿ ಏಳೆಂಟು ರಜೆ ಬೀಳುತ್ತಿದ್ದದ್ದು ಒಂದೆರಡಕ್ಕೆ ಇಳಿದಿದೆ.

ಮೊದಲು 8 ಬಣ್ಣದ ಪಟ್ಟಿ ಪ್ರಿಂಟ್ ಹಾಕಿಸಿ ಲ್ಯಾಮಿನೇಶನ್ ಮಾಡಿಸಿದೆ. ಮುನ್ನೂರು ರೂಪಾಯಿ ನೀರುಪಾಲು, ಹದಿನೈದು ದಿನದಲ್ಲಿ ಬೂಸ್ಟು. ಅದೂ ಅಲ್ಲದೆ ತೋಟದಲ್ಲಿ ಪಾಯಿಖಾನೆ ಹುಡುಕಿಕೊಂಡು ಯಾರು ಬರುತ್ತಾರೆ? ಬಿದ್ದ ಅಡಿಕೆ ಹಾಳೆಯ ಮೇಲೆ ಹೊಯ್ದು ನೋಡಿ ಎಂದೆ. ಹಾಳೆಯೇ ಹಳದಿ, ಏನೂ ತಿಳಿಯಲಿಲ್ಲ. ಬಿಳಿ ಟೈಲ್ಸ್ ಚೂರು ಇಟ್ಟೆ. ತೆಳ್ಳಗೆ ಹರಿದು ಎಲ್ಲರದ್ದೂ ತಿಳಿಯಾಗಿಯೇ ಕಂಡಿತು. ಒಂದಿಷ್ಟು ಆಳ ನಿಲ್ಲಬೇಕು, ಅಲ್ವಾ?

ಕೆಲಸಕ್ಕೆ ಬಂದದ್ದು ಐದು ಲೀಟರಿನ ಖಾಲಿ ಅಡುಗೆ ಎಣ್ಣೆ ಕ್ಯಾನು. ಮೇಲ್ಭಾಗ ಕತ್ತರಿಸಿ, ಹೆಚ್ಚಿನದು ಹರಿದುಹೋಗಲು ಬದಿಗೆ ತೂತು ಕೊರೆದು, ಬಣ್ಣ ಹೋಲಿಸಲು ಪಕ್ಕದಲ್ಲಿ ಉಳಿದ ಪೇಂಟಿನ ಪಟ್ಟೆ ಎಳೆದೆ. ತೂತು ಎಷ್ಟು ಎತ್ತರಕ್ಕೆ ಎನ್ನುವುದು ನನ್ನ ಗುಟ್ಟು. ತಿಳಿ ಹಳದಿ ಇದ್ದರೆ ಸರಿ. ಗಾಢ ಹಳದಿಗೆ ಕೂತು ಒಂದು ಚೊಂಬು ನೀರು. ಅಡಿಕೆ ಬೇಯಿಸಿದ ಚೊಗರಿನ ಕಂದು ಬಣ್ಣ ಬಂದರೆ ಆಸ್ಪತ್ರೆ. ಬೆಳಿಗ್ಗೆ ಎದ್ದಾಗಿನದು ಯಾವತ್ತೂ ಗಾಢವೇ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿಟ್ಟರೆ ಯಾರೂ ಮುಟ್ಟಲಿಲ್ಲ. ಮಾವಿನಕಾಯಿಯ ತಿಳಿಸಾರು ಅಪ್ಪೆಹುಳಿ ಇಟ್ಟ ದಿನ ಪಾತ್ರೆ ಖಾಲಿ. ಹದ ಮನೆಯವಳದ್ದು, ಕೇಳಬೇಡಿ.

ಸುಮ್ನೆ ನೋಡೋಣ ಎಂದು ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದೆ. ಮಧ್ಯಾಹ್ನಕ್ಕೆ ಮಿಂಚುವ ಹಳದಿ! ಬೀಟ್‌ರೂಟ್ ಪಲ್ಯ ಬಡಿಸಿದ ಮರುದಿನ ಒಬ್ಬ ರಕ್ತ ಎಂದು ಹೆದರಿ ಕೂತ. ಬೀಟ್‌ರೂಟ್ ತಿನ್ನದೆ ಕೆಂಪಾದರೆ ಮಾತ್ರ ಡಾಕ್ಟರ ಹತ್ತಿರ ಓಡಬೇಕು.

ಹೋದ ಮಳೆಗಾಲ ಒಬ್ಬನದು ಎಷ್ಟು ನೀರು ಕುಡಿದರೂ ಚೊಗರಾಗಿಯೇ ಇತ್ತು. ಮೈಕೈ ನೋವು, ಜ್ವರ, ಕಣ್ಣೂ ಹಳದಿ. ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಇಲಿ ಜ್ವರ. ಹದಿನೈದು ದಿನದಲ್ಲಿ ಎದ್ದು ಓಡಾಡಿದ.

ಹೆಂಗಸರಿಗೆ ಈ ಕ್ಯಾನು ಆಗುವುದಿಲ್ಲ. ಅಡಿಕೆ ಸುಲಿಯುವಾಗ ಪದೇ ಪದೇ ಏಳಬೇಕಲ್ಲ ಎಂದು ಅವರು ನೀರೇ ಕುಡಿಯುವುದಿಲ್ಲ. ಬಚ್ಚಲಲ್ಲಿ ಬಿಳಿ ಮಗ್ ಇಟ್ಟಿದ್ದೇನೆ, ಸದ್ಯಕ್ಕೆ ಅದರಲ್ಲಿ ಕೈ ತೊಳೆಯುತ್ತಿದ್ದಾರೆ.