ಕಂಕುಳಲ್ಲಿ ನೀಲಿ ನಾಳ ಹಿಡಿದು ಹೋಗುವುದು: ನನ್ನ ಅನುಭವ

ನಾನು ಕೆಲಸ ಮಾಡುವ ಊರಿನಲ್ಲಿ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಇಲ್ಲ. ಗ್ರಂಥಿ ಗುರುತಿಸಲು ಚುಚ್ಚುವ ವಿಕಿರಣಶೀಲ ವಸ್ತು ಟೆಕ್ನೀಷಿಯಂ ಪ್ರತಿ 6 ಗಂಟೆಗಳಲ್ಲಿ ಅರ್ಧ ಆಗಿಬಿಡುತ್ತದೆ, ಅದನ್ನು ದೊಡ್ಡ ಊರಿಂದ ತರಿಸಿ ನಮ್ಮ ಆಪರೇಷನ್ ಪಟ್ಟಿಗೆ ಹೊಂದಿಸುವುದು ಆಗದ ಮಾತು. ಹಾಗಾಗಿ ಸ್ತನ ಕ್ಯಾನ್ಸರ್‌ನಲ್ಲಿ ಸೆಂಟಿನೆಲ್ ನೋಡ್ ಹುಡುಕಲು ನಾನು ನಂಬಿರುವುದು ಮೆಥಿಲಿನ್ ಬ್ಲೂ ಎಂಬ ನೀಲಿ ಬಣ್ಣ.

ಸ್ತನದಿಂದ ಹರಿಯುವ ದುಗ್ಧರಸ ಮೊದಲು ಸೇರುವ ಗ್ರಂಥಿಗಳೇ ಸೆಂಟಿನೆಲ್ ನೋಡ್‌ಗಳು. ಅವುಗಳಲ್ಲಿ ಕ್ಯಾನ್ಸರ್ ಇಲ್ಲ ಅಂದರೆ ಕಂಕುಳಿನ ಉಳಿದ ಗ್ರಂಥಿಗಳನ್ನು ಮುಟ್ಟಬೇಕಿಲ್ಲ. ಮುಂದೆ ಕೈ ಊದಿಕೊಳ್ಳುವ ಕಾಟ ಎಷ್ಟೋ ಕಡಿಮೆ.

ರೋಗಿಗೆ ಅರಿವಳಿಕೆ ಕೊಟ್ಟ ಮೇಲೆ 1% ಮೆಥಿಲಿನ್ ಬ್ಲೂ 2 ಮಿಲಿ ತೆಗೆದುಕೊಂಡು ಸಲೈನ್ ಸೇರಿಸಿ 5 ಮಿಲಿ ಮಾಡುತ್ತೇನೆ, ಮೊಲೆತೊಟ್ಟಿನ ಸುತ್ತಲ ಕಪ್ಪು ಭಾಗದ ಅಡಿಯಲ್ಲಿ ಚುಚ್ಚುತ್ತೇನೆ. ಚರ್ಮದೊಳಗೆ ಹೋಗಬಾರದು, ಅಲ್ಲಿ ಸುಟ್ಟ ಹಾಗೆ ಚರ್ಮ ಕೊಳೆಯಬಹುದು. ಆಮೇಲೆ 5 ನಿಮಿಷ ಚೆನ್ನಾಗಿ ಮಸಾಜ್. ಅವಸರ ಮಾಡಿ ಇದನ್ನು ಮೊಟಕುಗೊಳಿಸುವವರೇ ಜಾಸ್ತಿ. ಬಣ್ಣ ಹಾಕುವ ಮುಂಚೆ ಅರಿವಳಿಕೆ ವೈದ್ಯರಿಗೆ ಹೇಳಿಬಿಡಿ, ಆಕ್ಸಿಮೀಟರ್ ಸ್ವಲ್ಪ ಹೊತ್ತು ಸುಳ್ಳು ಹೇಳುತ್ತದೆ, ಸುಮ್ನೆ ಗಾಬರಿ ಯಾಕೆ. ರೋಗಿ ಖಿನ್ನತೆಗೆ ಮಾತ್ರೆ ತಗೊಳ್ತಾರಾ ಅಂತ ಹಿಂದಿನ ದಿನವೇ ಕೇಳುತ್ತೇನೆ, ಕೆಲವು ಮಾತ್ರೆಗಳ ಜೊತೆ ಈ ಬಣ್ಣ ಸೇರಿದರೆ ಅಪಾಯ.

ಈಗ ಮುಖ್ಯ ವಿಷಯ. ಕಂಕುಳಿನ ಕೂದಲಿನ ಗೆರೆಯ ಕೆಳಗೆ ಸಣ್ಣ ಗಾಯ ಮಾಡಿದ ಕೂಡಲೇ ಗ್ರಂಥಿ ಹುಡುಕಲು ಹೋಗಬೇಡಿ. ನಾಳ ಹುಡುಕಿ. ಎದೆಯ ದೊಡ್ಡ ಸ್ನಾಯುವಿನ ಹೊರ ಅಂಚಿನ ಹತ್ತಿರ, ಕೊಬ್ಬಿನ ನಡುವೆ ತೆಳುವಾದ ನೀಲಿ ಎಳೆ ಕಾಣುತ್ತದೆ. ಅದನ್ನು ಕತ್ತರಿಸದೆ, ಕಾಟರಿಯಿಂದ ಸುಡದೆ, ಮೆಲ್ಲಗೆ ಬಿಡಿಸುತ್ತಾ ಹೋದರೆ ಅದೇ ಕರೆದುಕೊಂಡು ಹೋಗುತ್ತದೆ. ನಾಳ ತುಂಡಾದರೆ ಬಣ್ಣ ಸುತ್ತೆಲ್ಲ ಹರಡಿ ಇಡೀ ಕಂಕುಳು ನೀಲಿ, ಆಮೇಲೆ ಯಾವುದು ಏನು ಅಂತ ಗೊತ್ತೇ ಆಗುವುದಿಲ್ಲ. ನಾಳ ಒಳಬರುವ ಗ್ರಂಥಿ ಪೂರ್ತಿ ನೀಲಿಯಾಗಿರದೆ ಒಂದು ಮೂಲೆ ಮಾತ್ರ ಬಣ್ಣ ಹಿಡಿದಿದ್ದರೂ ಅದು ಸೆಂಟಿನೆಲ್ ನೋಡೇ. ನಂತರ ಬೆರಳಿಟ್ಟು ನೋಡಬೇಕು. ಕ್ಯಾನ್ಸರ್ ತುಂಬಿಕೊಂಡ ಗ್ರಂಥಿಗೆ ಬಣ್ಣ ನುಗ್ಗುವುದೇ ಇಲ್ಲ, ಆದ್ದರಿಂದ ಗಟ್ಟಿ ಇರುವುದನ್ನು ನೀಲಿ ಇಲ್ಲದಿದ್ದರೂ ತೆಗೆಯುತ್ತೇನೆ.

ಎರಡನೇ ಗುರುತು ಬೇಕು ಅನ್ನಿಸಿದಾಗ ನೀಲಿ ಬೆಳಕಿಗೆ ಹೊಳೆಯುವ ಬಣ್ಣವಾದ ಫ್ಲೋರೆಸೀನ್ ಸೇರಿಸುತ್ತೇನೆ. ಓಟಿ ದೀಪ ಆರಿಸಿ, ನೀಲಿ ಎಲ್‌ಇಡಿ ಟಾರ್ಚ್ ಬಿಟ್ಟು, ಹಳದಿ ಕನ್ನಡಕ ಹಾಕಿಕೊಂಡರೆ ನಾಳ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ. ಐಸಿಜಿ (ಇಂಡೋಸಯನಿನ್ ಗ್ರೀನ್) ಎಂಬ ಇನ್ನೊಂದು ಹೊಳೆಯುವ ಬಣ್ಣಕ್ಕೆ ಬೇಕಾಗುವ ಇನ್‌ಫ್ರಾರೆಡ್ ಕ್ಯಾಮೆರಾದ ಬೆಲೆ ಕೇಳಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ!

ಆದರೆ ಕಂಕುಳಿಗೆ ಹರಡಿದ್ದ ಕ್ಯಾನ್ಸರ್ ಕೀಮೋ ಆದ ಮೇಲೆ ಕರಗಿದ ರೋಗಿಗಳಲ್ಲಿ ಬರೀ ನೀಲಿ ಬಣ್ಣ ನೆಚ್ಚಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. 2013ರಲ್ಲಿ ಪ್ರಕಟವಾದ ಅಮೆರಿಕದ ಝಡ್1071 ಅಧ್ಯಯನದಲ್ಲಿ ಒಂದೇ ಗುರುತು ಬಳಸಿದಾಗ ಉಳಿದ ರೋಗ ಕಣ್ತಪ್ಪಿಹೋದದ್ದು ಸುಮಾರು 20%, ಎರಡು ಬಳಸಿದಾಗ ಸುಮಾರು 11%. ಇಂಥವರಲ್ಲಿ ಕೀಮೋಗೆ ಮುಂಚೆಯೇ ರೋಗ ಇದ್ದ ಗ್ರಂಥಿಗೆ ಗುರುತಿಗಾಗಿ ಪುಟ್ಟ ಲೋಹದ ಕ್ಲಿಪ್ ಹಾಕಿಸಬೇಕು, ಕನಿಷ್ಠ 3 ಗ್ರಂಥಿಗಳಾದರೂ ಸಿಗಬೇಕು. ಕ್ಲಿಪ್ ಇದ್ದದ್ದು ಹೊರಬಂತಾ ಅಂತ ತೆಗೆದ ಗ್ರಂಥಿಯ ಎಕ್ಸ್‌ರೇ ಮಾಡಿ ನೋಡುತ್ತೇನೆ. ಸೌಲಭ್ಯ ಇರುವ ಕಡೆ ಕಳಿಸುವುದಕ್ಕೂ ನನಗೆ ಮುಜುಗರ ಇಲ್ಲ.

ಕೀಮೋ ಆಗದವರಲ್ಲೂ ನೀಲಿ ಎಲ್ಲೂ ಕಾಣದ ದಿನ ಬರುತ್ತದೆ. ಆಗ ಮುಂಬೈ ಟಾಟಾ ಮೆಮೋರಿಯಲ್‌ನವರ ಕ್ರಮ ಹಿಡಿಯುತ್ತೇನೆ: ಕಂಕುಳಲ್ಲಿ ಅಡ್ಡ ಹಾಯುವ ಮೊದಲ ಇಂಟರ್‌ಕಾಸ್ಟೋಬ್ರೇಕಿಯಲ್ ನರದ ಕೆಳಗಿನ ಕೊಬ್ಬನ್ನು ಗ್ರಂಥಿ ಸಮೇತ ತೆಗೆದು ಫ್ರೋಜನ್‌ಗೆ, ಅಂದರೆ ಆಪರೇಷನ್ ನಡೆಯುತ್ತಿರುವಾಗಲೇ ಮಾಡುವ ತ್ವರಿತ ಪರೀಕ್ಷೆಗೆ, ಕಳಿಸುವುದು. ಅಂದಹಾಗೆ, ಒಂದೆರಡು ದಿನ ಮೂತ್ರ ಹಸಿರು ಬರುತ್ತದೆ ಅಂತ ರೋಗಿಗೂ ಮನೆಯವರಿಗೂ ಮೊದಲೇ ಹೇಳಿಡಿ, ಇಲ್ಲದಿದ್ದರೆ ರಾತ್ರಿ ಫೋನ್ ಗ್ಯಾರಂಟಿ.