ಗೀಳು, ಆತಂಕ, ಖಿನ್ನತೆ: ಎಲ್ಲಿ ಧೈರ್ಯ ಹೇಳಬೇಕು, ಎಲ್ಲಿ ಹೇಳಬಾರದು

ಮಲೆನಾಡಿನ ಒಂದು ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯ ವೃತ್ತಿಯಲ್ಲಿರುವ ನನ್ನ ಬಳಿಗೆ ‘ನನಗೆ ಖಿನ್ನತೆ ಇದೆ’ ಎಂದು ಹೇಳಿಕೊಂಡು ಬರುವವರು ಈಗಲೂ ಕಡಿಮೆಯೇ. ತಲೆಭಾರ, ಎದೆ ಹಿಡಿದಂತಾಗುವುದು, ಕೈಕಾಲು ಸೋಲು, ಗ್ಯಾಸ್ ಮೇಲಕ್ಕೆ ಒತ್ತುವುದು, ನಿದ್ದೆ ಬಾರದಿರುವುದು, ಇವೇ ಮೊದಲು ಕೇಳಿಬರುವ ದೂರುಗಳು. ಜೊತೆಗೆ ಬಟ್ಟೆ ಅಂಗಡಿಯ ಕೈಚೀಲದಲ್ಲಿ ಇಸಿಜಿ, ಎಕೋ, ಎಂಡೋಸ್ಕೋಪಿ, ಕೆಲವೊಮ್ಮೆ ತಲೆಯ ಎಂಆರ್‌ಐ ವರದಿಗಳೂ ಇರುತ್ತವೆ, ಮತ್ತು ಅವೆಲ್ಲವೂ ಸಾಮಾನ್ಯವಾಗಿ ನಾರ್ಮಲ್ ಆಗಿರುತ್ತವೆ. ಖಿನ್ನತೆ, ಆತಂಕ, ಗೀಳು (ಒಸಿಡಿ: ಬೇಡವೆಂದರೂ ನುಗ್ಗುವ ಯೋಚನೆ, ಅದನ್ನು ತಣಿಸಲು ಮತ್ತೆ ಮತ್ತೆ ಮಾಡುವ ಕೆಲಸ) ಮೂರೂ ಇಂಥವೇ ದೂರುಗಳನ್ನು ಹೊತ್ತು ಬರುತ್ತವೆ, ಮೂರಕ್ಕೂ ಬಹುಮಟ್ಟಿಗೆ ಒಂದೇ ಗುಂಪಿನ ಮಾತ್ರೆಗಳನ್ನು ಕೊಡುತ್ತೇವೆ. ಹಾಗಿರುವಾಗ ಇವನ್ನು ಬೇರ್ಪಡಿಸಿ ನೋಡುವ ಅಗತ್ಯವೇನು ಎಂದು ತರಬೇತಿಗೆ ಬರುವ ಕಿರಿಯ ವೈದ್ಯರು ಕೇಳುವುದುಂಟು. ಮಾತ್ರೆ ಒಂದೇ ಆದರೂ ಅದರ ಪ್ರಮಾಣ ಬೇರೆ, ಕಾಯಬೇಕಾದ ಅವಧಿ ಬೇರೆ, ಎಲ್ಲಕ್ಕಿಂತ ಮುಖ್ಯವಾಗಿ ರೋಗಿಯ ಎದುರು ನಾವು ಆಡಬೇಕಾದ ಮಾತು ಬೇರೆ ಎಂಬುದು ನನ್ನ ಉತ್ತರ. ಖಿನ್ನತೆಯವರಿಗೆ ಧೈರ್ಯ ಹೇಳುವುದು ಚಿಕಿತ್ಸೆಯ ಒಂದು ಭಾಗ. ಗೀಳಿನವರಿಗೆ ಪದೇ ಪದೇ ಧೈರ್ಯ ಹೇಳುವುದು ಕಾಯಿಲೆಗೆ ಮೇವು ಹಾಕಿದಂತೆ. (ಇಲ್ಲಿ ಬರುವ ಉದಾಹರಣೆಗಳಲ್ಲಿ ಹಲವರ ವಿವರಗಳನ್ನು ಬೆರೆಸಿ, ಗುರುತು ಸಿಗದಂತೆ ಬದಲಾಯಿಸಿದ್ದೇನೆ.)

ಮೊದಲ ಭೇಟಿಯಲ್ಲಿ ನಾನು ಕೇಳುವ ಪ್ರಶ್ನೆ ಬಹಳ ಸಾದಾ: ‘ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಏನೇನು ಮಾಡಿದಿರಿ, ಒಂದೊಂದಾಗಿ ಹೇಳಿ.’ ಖಿನ್ನತೆ ಇರುವವರು ಬೆಳಗಿನ ಜಾವ ಮೂರು ನಾಲ್ಕಕ್ಕೇ ಎಚ್ಚರವಾಗಿ ಸೂರು ನೋಡುತ್ತಾ ಮಲಗಿದ್ದುದನ್ನು, ಕಾಫಿಯೂ ರುಚಿಸದಿದ್ದುದನ್ನು, ಮಧ್ಯಾಹ್ನದ ಹೊತ್ತಿಗೆ ಏನೂ ಮಾಡದೆಯೇ ದಣಿದುದನ್ನು ಹೇಳುತ್ತಾರೆ. ಆತಂಕದವರಿಗೆ ಮಲಗಿದರೂ ನಿದ್ದೆ ಹತ್ತುವುದಿಲ್ಲ. ಮಗ ಬೈಕಿನಲ್ಲಿ ಹೋದ, ಫೋನ್ ಎತ್ತಲಿಲ್ಲ, ಏನಾಯಿತೋ ಎಂಬ ಯೋಚನೆಯ ಹಿಂದೆ ಇನ್ನೊಂದು ಯೋಚನೆ. ಗೀಳಿನವರ ದಿನಚರಿಯಲ್ಲಿ ಮಾತ್ರ ಒಂದು ವಿಚಿತ್ರವಾದ ಕಂದಕ ಕಾಣಿಸುತ್ತದೆ. ಆರಕ್ಕೆ ಎದ್ದೆ ಎನ್ನುತ್ತಾರೆ, ಹತ್ತೂವರೆಗೆ ತಿಂಡಿ ತಿಂದೆ ಎನ್ನುತ್ತಾರೆ, ನಡುವಿನ ನಾಲ್ಕೂವರೆ ಗಂಟೆಗಳ ಬಗ್ಗೆ ಕೇಳಿದರೆ ತಲೆ ತಗ್ಗಿಸುತ್ತಾರೆ. ಆ ಸಮಯ ಎಲ್ಲಿ ಹೋಯಿತು ಎಂಬುದನ್ನು ಹುಡುಕಿದರೆ ಕಾಯಿಲೆ ಅಲ್ಲಿಯೇ ಸಿಗುತ್ತದೆ.

ನಮ್ಮ ಕಡೆ ಈ ಹುಡುಕಾಟಕ್ಕೆ ಒಂದು ಅಡ್ಡಿಯಿದೆ. ಮನೆಯವರು ಅದನ್ನು ‘ಅವಳಿಗೆ ಸ್ವಲ್ಪ ಮಡಿ ಜಾಸ್ತಿ’ ಎಂದು ತೇಲಿಸಿಬಿಡುತ್ತಾರೆ. ಮಡಿ ಮೈಲಿಗೆಗಳ ಬಗ್ಗೆ ನನ್ನ ಸ್ವಂತ ಅಭಿಪ್ರಾಯ ಏನೇ ಇರಲಿ, ಅದಕ್ಕೊಂದು ಕಟ್ಟಳೆ ಇದೆ ಮತ್ತು ಒಂದು ಕೊನೆ ಇದೆ. ಮಡಿ ಮಾಡುವ ಅತ್ತೆ ಸ್ನಾನ ಮುಗಿಸಿ, ಅಡುಗೆ ಮಾಡಿ, ದೇವರಿಗೆ ನೈವೇದ್ಯ ತೋರಿಸಿ ನೆಮ್ಮದಿಯಾಗಿ ಊಟ ಮಾಡುತ್ತಾರೆ. ಗೀಳಿರುವ ಸೊಸೆಗೆ ಅದೇ ಸ್ನಾನ ಮುಗಿಯುವುದೇ ಇಲ್ಲ; ಚೊಂಬಿನ ಲೆಕ್ಕ ತಪ್ಪಿತೆಂದು ಮತ್ತೆ ಮೊದಲಿನಿಂದ, ನಲ್ಲಿಗೆ ಕೈ ತಾಗಿತೆಂದು ಮತ್ತೆ ಮೊದಲಿನಿಂದ. ಆದ್ದರಿಂದಲೇ ಇಂಥ ಪ್ರಕರಣಗಳಲ್ಲಿ ನಾನು ಗಂಡನಿಗಿಂತ ಹೆಚ್ಚಾಗಿ ಮನೆಯ ಹಿರಿಯ ಹೆಂಗಸನ್ನು ಮಾತನಾಡಿಸುತ್ತೇನೆ. ‘ನಾವೂ ಮಡಿ ಮಾಡಿದವರೇ ಡಾಕ್ಟ್ರೇ, ಇದು ಮಡಿಯಲ್ಲ’ ಎಂಬ ಅವರ ಒಂದು ಮಾತು ರೋಗನಿರ್ಣಯದಲ್ಲಿ ಎಷ್ಟೋ ಪ್ರಶ್ನಾವಳಿಗಳಿಗಿಂತ ತೂಕದ್ದು.

ತೊಳೆಯುವುದು ಕಣ್ಣಿಗೆ ಕಾಣುತ್ತದೆ. ಕಾಣದ ಗೀಳುಗಳು ಹೆಚ್ಚು ಕಷ್ಟದವು. ದೇವರ ಮುಂದೆ ಕುಳಿತಾಗ ಬರುವ ಬೈಗುಳ, ಹಸುಗೂಸನ್ನು ಎತ್ತಿಕೊಂಡಾಗ ‘ಎತ್ತಿ ಹಾಕಿಬಿಟ್ಟರೆ’ ಎಂದು ನುಗ್ಗುವ ಯೋಚನೆ, ಬಾಯಿಬಿಟ್ಟು ಹೇಳಲಾಗದ, ಮನಸ್ಸಿಗೆ ನುಗ್ಗುವ ಲೈಂಗಿಕ ಚಿತ್ರಗಳು. ಇವುಗಳನ್ನು ಯಾರೂ ತಾವಾಗಿ ಹೇಳುವುದಿಲ್ಲ, ವರ್ಷಗಟ್ಟಲೆ ಒಳಗೇ ಇಟ್ಟುಕೊಂಡು ತಾವು ಪಾಪಿಗಳೆಂದು ನಂಬಿರುತ್ತಾರೆ. ಹಾಗಾಗಿ ಬಿ.ಪಿ. ಇದೆಯೇ, ಶುಗರ್ ಇದೆಯೇ ಎಂದು ಕೇಳುವ ಧಾಟಿಯಲ್ಲಿಯೇ ನಾನು ಇವನ್ನೂ ಕೇಳುತ್ತೇನೆ: ‘ಬೇಡವೆಂದರೂ ನುಗ್ಗುವ ಕೆಟ್ಟ ಯೋಚನೆಗಳು ಹಲವರಿಗೆ ಬರುತ್ತವೆ, ನಿಮಗೂ ಬರುತ್ತವೆಯೇ?’ ಬಾಣಂತಿಯರಲ್ಲಿ ಈ ಪ್ರಶ್ನೆಯ ಮುಂದಿನ ಹಂತ ಅತಿ ಎಚ್ಚರಿಕೆಯದು. ಯೋಚನೆಗೆ ತಾನೇ ಹೆದರಿ, ಚಾಕುವನ್ನು ಅಟ್ಟಕ್ಕೆ ಸಾಗಿಸಿ, ಮಗುವನ್ನು ಅಮ್ಮನ ಕೈಗೆ ಕೊಟ್ಟು ದೂರ ಕೂರುವ ತಾಯಿಯದು ಗೀಳು. ಮಗುವಿನಲ್ಲಿ ದೆವ್ವವಿದೆಯೆಂದೋ ಅದನ್ನು ಕೊಲ್ಲುವುದೇ ಅದಕ್ಕೆ ಒಳ್ಳೆಯದೆಂದೋ ದೃಢವಾಗಿ ನಂಬಿರುವ ತಾಯಿಯದು ಬೇರೆಯೇ ಕಾಯಿಲೆ, ಆಕೆಯನ್ನು ಅದೇ ದಿನ ದಾಖಲು ಮಾಡಿಕೊಳ್ಳಬೇಕಾಗುತ್ತದೆ.

ಗೀಳಿನ ತೀವ್ರತೆಯನ್ನು ಅಳೆಯಲು 1989ರಲ್ಲಿ ಪ್ರಕಟವಾದ ಯೇಲ್-ಬ್ರೌನ್ ಮಾಪನವನ್ನು ಬಳಸುತ್ತೇನೆ; ಹತ್ತು ಪ್ರಶ್ನೆಗಳು, ಒಟ್ಟು 40 ಅಂಕ. ಖಿನ್ನತೆಗೆ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ ಎಂಬ ಪ್ರಶ್ನಾವಳಿ ಸಾಕಾಗುತ್ತದೆ. ಅದರ ಕೊನೆಯ ಪ್ರಶ್ನೆ ಸಾಯುವ ಯೋಚನೆಯ ಕುರಿತದ್ದು, ಅದನ್ನು ಮಾತ್ರ ಕಾಗದದ ಮೇಲೆ ಬಿಡದೆ ಬಾಯಿಯಲ್ಲೇ ಕೇಳುತ್ತೇನೆ. ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ‘ಹೌದು’ ಎಂಬ ಉತ್ತರ ಬಂದರೆ ಮಾತ್ರೆಯ ಚೀಟಿ ಬರೆಯುವ ಮೊದಲೇ ಮನೆಯವರನ್ನು ಒಳಗೆ ಕರೆದು, ಮನೆಯಲ್ಲಿ ಮತ್ತು ತೋಟದ ಶೆಡ್ಡಿನಲ್ಲಿ ಇರುವ ಕಳೆನಾಶಕ ಕೀಟನಾಶಕಗಳನ್ನು ಅಂದೇ ಬೇರೆಡೆಗೆ ಸಾಗಿಸಲು ಹೇಳುತ್ತೇನೆ. ಕೃಷಿ ಕುಟುಂಬಗಳಲ್ಲಿ ಜೀವ ಉಳಿಸುವುದು ಎಷ್ಟೋ ಸಲ ಈ ಒಂದು ಕೆಲಸ.

ಖಿನ್ನತೆಗೆ ಔಷಧಿ ಶುರುಮಾಡುವ ಮುನ್ನ ಇನ್ನೊಂದು ವಿಚಾರಣೆ ಬಾಕಿ ಇರುತ್ತದೆ. ಹಿಂದೆಂದಾದರೂ ಕೆಲವು ವಾರ ಎರಡು ಮೂರು ಗಂಟೆ ನಿದ್ದೆ ಮಾಡಿಯೂ ದಣಿವಿಲ್ಲದೆ, ಮಾತು ನಿಲ್ಲದೆ, ಸಾಲ ಮಾಡಿ ಖರ್ಚು ಮಾಡಿದ್ದುಂಟೆ? ರೋಗಿಗೆ ಅದು ಕಾಯಿಲೆಯಾಗಿ ನೆನಪಿರುವುದಿಲ್ಲ, ತನ್ನ ಒಳ್ಳೆಯ ದಿನಗಳಾಗಿ ನೆನಪಿರುತ್ತದೆ. ಮಂಕಾಗಿ ಕುಳಿತಿದ್ದ ಒಬ್ಬ ಯುವಕನ ಪಕ್ಕದಲ್ಲಿದ್ದ ಅಣ್ಣ, ಎರಡು ವರ್ಷದ ಹಿಂದೆ ಇವನು ಅಡಿಕೆ ತೋಟ ಕಡಿಸಿ ರೆಸಾರ್ಟ್ ಕಟ್ಟಿಸುತ್ತೇನೆಂದು ರಾತ್ರೋರಾತ್ರಿ ಜೆಸಿಬಿ ತರಿಸಿದ್ದ ಕಥೆಯನ್ನು ನಗುತ್ತಾ ಹೇಳಿದಾಗ ರೋಗನಿರ್ಣಯ ಬದಲಾಯಿತು. ಅದು ಖಿನ್ನತೆಯೂ ಇಂಥ ಅತಿರೇಕದ ಉತ್ಸಾಹವೂ ಬೇರೆ ಬೇರೆ ಕಾಲದಲ್ಲಿ ಬರುವ ಬೈಪೋಲಾರ್ ಕಾಯಿಲೆ. ಇಂಥವರಿಗೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಮತ್ತೆ ಆ ಅತಿರೇಕಕ್ಕೆ ಜಾರುವ ಅಪಾಯವಿದೆ. ಈ ಏರಿಳಿತ ತಡೆಯುವ ಲಿಥಿಯಂ ಆರಿಸಿದರೆ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯೇಟಿನಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮೊದಲೇ ಆಗಬೇಕು, ಕೊನೆಯ ಮಾತ್ರೆಯ 12 ಗಂಟೆಗಳ ನಂತರ ರಕ್ತ ತೆಗೆದು ಮಟ್ಟ ನೋಡುತ್ತಿರಬೇಕು, ಮತ್ತು ಬಿಸಿಲಲ್ಲಿ ಕೆಲಸ ಮಾಡುವವರು ನೀರು ಕುಡಿಯುವುದನ್ನೂ ಕಂಡ ಕಂಡ ನೋವಿನ ಮಾತ್ರೆ ನುಂಗದಿರುವುದನ್ನೂ ಕಲಿಯಬೇಕು. ಬೈಪೋಲಾರ್ ಇಲ್ಲದ ಖಿನ್ನತೆಯಲ್ಲಿಯೂ ಥೈರಾಯ್ಡ್‌ನ ಟಿಎಸ್‌ಎಚ್, ಹಿಮೋಗ್ಲೋಬಿನ್, ಸಸ್ಯಾಹಾರಿಗಳಲ್ಲಿ ಬಿ12 ನೋಡದೆ ನಾನು ಮುಂದುವರಿಯುವುದಿಲ್ಲ.

ಮಾತ್ರೆಗಳ ವಿಷಯದಲ್ಲಿ ಹೆಚ್ಚಿನ ಸೋಲುಗಳು ಆತುರದಿಂದ ಆಗುತ್ತವೆ. ಮೂರೂ ಕಾಯಿಲೆಗಳಿಗೆ ಕೊಡುವ ಆ ಗುಂಪಿನ ಸರ್ಟ್ರಾಲಿನ್, ಫ್ಲುಯೊಕ್ಸೆಟಿನ್, ಎಸ್ಸಿಟಾಲೊಪ್ರಾಮ್ ಮೊದಲಾದವು ಮೊದಲ ವಾರ ಎರಡು ವಾರ ಹೊಟ್ಟೆ ತೊಳಸನ್ನೂ ಸ್ವಲ್ಪ ಚಡಪಡಿಕೆಯನ್ನೂ ಕೊಡಬಹುದು, ಗುಣ ಕಾಣುವುದು ಆಮೇಲೆ. ಇದನ್ನು ಮೊದಲೇ ಹೇಳದಿದ್ದರೆ ರೋಗಿ ನಾಲ್ಕನೆಯ ದಿನಕ್ಕೆ ಮಾತ್ರೆ ಬಿಡುತ್ತಾನೆ. ಖಿನ್ನತೆಯಲ್ಲಿ ನಾಲ್ಕರಿಂದ ಆರು ವಾರ ಕಾದರೆ ಒಂದು ಅಂದಾಜು ಸಿಗುತ್ತದೆ. ಗೀಳಿನಲ್ಲಿ ಸರ್ಟ್ರಾಲಿನ್ 200 ಮಿ.ಗ್ರಾಂ.ವರೆಗೂ ಏರಿಸಿ, ಹತ್ತು ಹನ್ನೆರಡು ವಾರ ಕಾಯಬೇಕಾಗಬಹುದು. ‘ಎಲ್ಲ ಮಾತ್ರೆ ಮುಗಿಯಿತು, ಯಾವುದೂ ಹಿಡಿಸಲಿಲ್ಲ’ ಎಂದು ಬಂದವರ ಹಳೆಯ ಚೀಟಿ ನೋಡಿದರೆ 50 ಮಿ.ಗ್ರಾಂ. ಮಾತ್ರೆಯನ್ನು ಮೂರು ವಾರ ತೆಗೆದುಕೊಂಡಿರುತ್ತಾರೆ. ವಯಸ್ಸಾದವರಲ್ಲಿ ಈ ಗುಂಪಿನ ಮಾತ್ರೆಗಳು ಸೋಡಿಯಂ ಇಳಿಸಬಹುದಾದ್ದರಿಂದ ಒಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತೇನೆ. ವಿಪರ್ಯಾಸವೆಂದರೆ, ಇವಕ್ಕೆ ‘ಅಡಿಕ್ಟ್ ಆಗುತ್ತೇವೆ’ ಎಂದು ಹೆದರುವವರ ಜೇಬಿನಲ್ಲಿಯೇ ನಿಜವಾಗಿ ಚಟ ಹಿಡಿಸಬಲ್ಲ, ಆತಂಕವನ್ನು ತಕ್ಷಣಕ್ಕೆ ತಣಿಸುವ ಅಲ್ಪ್ರಜೋಲಾಮ್ ಪಟ್ಟಿ ಇರುತ್ತದೆ. ಅದನ್ನು ಒಮ್ಮೆಗೇ ನಿಲ್ಲಿಸುವಂತಿಲ್ಲ, ವಾರಗಳ ಮೇಲೆ ವಾರ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಪ್ಯಾನಿಕ್ ಆಗುವವರಿಗೆ, ಎಂದರೆ ಇದ್ದಕ್ಕಿದ್ದಂತೆ ಎದೆ ಬಡಿತ ಏರಿ ತೀವ್ರ ಭಯ ನುಗ್ಗುವವರಿಗೆ, ಹೃದಯ ಚೆನ್ನಾಗಿದೆ ಎಂದು ಇಸಿಜಿ ತೋರಿಸಿ ಒಮ್ಮೆ, ಒಮ್ಮೆ ಮಾತ್ರ, ವಿವರಿಸುತ್ತೇನೆ. ಆಮೇಲೆ ಆಸ್ಪತ್ರೆಯ ಮೆಟ್ಟಿಲುಗಳನ್ನು ಒಟ್ಟಿಗೆ ಓಡುತ್ತಾ ಹತ್ತುತ್ತೇವೆ, ಎದೆ ಬಡಿತ ಏರಿದಾಗ ಕೂರದೆ ನಿಂತೇ ಇರುತ್ತೇವೆ. ಬಡಿತ ತಾನಾಗಿ ಇಳಿಯುವುದನ್ನು ಸ್ವತಃ ಕಂಡವರಿಗೆ ನನ್ನ ವಿವರಣೆ ಬೇಕಾಗುವುದಿಲ್ಲ. ಕೊನೆಯ ಹಂತ, ಜೇಬಿನಲ್ಲಿ ಮಾತ್ರೆಯ ಪಟ್ಟಿ ಇಲ್ಲದೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬರುವುದು.

ಗೀಳಿನ ಚಿಕಿತ್ಸೆಯೂ ಇದೇ ತತ್ವದ್ದು, ಆದರೆ ಹೆಚ್ಚು ತಾಳ್ಮೆಯದು. ಭಯಪಡುವುದಕ್ಕೆ ಒಡ್ಡಿಕೊಳ್ಳುವುದು, ಅನಂತರ ಮಾಡುವ ತೊಳೆಯುವಿಕೆಯನ್ನೋ ಪರೀಕ್ಷಿಸುವಿಕೆಯನ್ನೋ ತಡೆಯುವುದು. 1966ರಲ್ಲಿ ವಿಕ್ಟರ್ ಮೇಯರ್ ಲಂಡನ್ನಿನಿಂದ ವರದಿ ಮಾಡಿದ ಈ ವಿಧಾನ ಇಂದಿಗೂ ನಮ್ಮ ಮುಖ್ಯ ಸಾಧನ. ರೋಗಿಯ ಜೊತೆ ಕುಳಿತು ಭಯಗಳಿಗೆ ನೂರಕ್ಕೆ ಅಂಕ ಹಾಕುತ್ತೇವೆ. ಒಬ್ಬ ಮಹಿಳೆಯ ಪಟ್ಟಿಯಲ್ಲಿ ಗೇಟಿನ ಚಿಲಕ ಮುಟ್ಟುವುದಕ್ಕೆ 30, ಬಸ್ಸಿನಲ್ಲಿ ಕೂತು ಬಂದ ಸೀರೆಯಲ್ಲೇ ಹಾಸಿಗೆಯ ಮೇಲೆ ಕೂರುವುದಕ್ಕೆ 60, ಚಪ್ಪಲಿ ಮುಟ್ಟಿದ ಕೈಯಿಂದ ಅಡುಗೆಮನೆಯ ಉಪ್ಪಿನ ಭರಣಿ ಮುಟ್ಟುವುದಕ್ಕೆ 95. ಆಕೆ ಒಪ್ಪದೆ ಒಂದು ಮೆಟ್ಟಿಲನ್ನೂ ಏರಿಸುವುದಿಲ್ಲ, ಮತ್ತು ಪ್ರತಿ ಮೆಟ್ಟಿಲನ್ನೂ ನಾನು ಮೊದಲು ಮಾಡಿ ತೋರಿಸುತ್ತೇನೆ. ಚಿಲಕದ ದಿನ ಐದೈದು ನಿಮಿಷಕ್ಕೆ ಅಂಕ ಕೇಳುತ್ತಾ ಹೋದೆ: 45, 55, 55, 50, 35. ಪಟ್ಟಿ ಮಾಡುವಾಗ ಹಾಕಿದ ಅಂಕಕ್ಕಿಂತ ನಿಜವಾಗಿ ಮುಟ್ಟಿದಾಗ ಹೆಚ್ಚು ಏರುವುದು ಸಹಜ. ಎರಡನೆಯ ಬಾರಿ 55 ಬಂದಾಗ ಆಕೆ ಕೇಳಿದರು: ‘ಏನೂ ಆಗಲ್ಲ ಅಲ್ವಾ ಡಾಕ್ಟ್ರೇ?’ ವೈದ್ಯನ ನಾಲಗೆಯ ತುದಿಯಲ್ಲಿ ‘ಏನೂ ಆಗಲ್ಲಮ್ಮ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಅದನ್ನು ನುಂಗಿಕೊಂಡು, ‘ಈ ಪ್ರಶ್ನೆ ಕೇಳುತ್ತಿರುವುದು ಗೀಳು, ಉತ್ತರ ಕೊಟ್ಟರೆ ಕೈ ತೊಳೆಸಿದಷ್ಟೇ ಆಯಿತು, ಉತ್ತರವಿಲ್ಲದೆ ಕುಳಿತು ನೋಡೋಣ’ ಎಂದೆ. ಆಕೆಗೆ ಕೋಪ ಬಂತು, ಆದರೆ ಎದ್ದು ಹೋಗಲಿಲ್ಲ.

ಮನೆಯವರಿಗೆ ಇದನ್ನು ಒಪ್ಪಿಸುವುದು ರೋಗಿಗೆ ಒಪ್ಪಿಸುವುದಕ್ಕಿಂತ ಕಷ್ಟ. ಆ ಮಹಿಳೆಯ ಗಂಡ ಕಚೇರಿಯಿಂದ ಬಂದೊಡನೆ ಹಿತ್ತಿಲ ಬಚ್ಚಲಿನಲ್ಲಿ ಸ್ನಾನ ಮಾಡಿಯೇ ಒಳಗೆ ಬರುತ್ತಿದ್ದರು, ‘ಸರಿಯಾಗಿ ತೊಳೆದೆನಾ’ ಎಂಬ ಆಕೆಯ ಪ್ರಶ್ನೆಗೆ ದಿನವೂ ಸಾಕ್ಷಿ ನುಡಿಯುತ್ತಿದ್ದರು. ಪ್ರೀತಿಯಿಂದ ಮಾಡುವ ಈ ಸೇವೆಯನ್ನು ಒಮ್ಮೆಗೇ ಕಿತ್ತುಕೊಳ್ಳಬಾರದು, ಬೈಗುಳವಾಗಿ ಬದಲಾಗಲೂ ಬಿಡಬಾರದು. ಮೂವರೂ ಕುಳಿತು, ಸಾಕ್ಷಿ ಹೇಳುವುದನ್ನು ಈ ವಾರ ನಿಲ್ಲಿಸುವುದು, ಗಂಡನ ಹಿತ್ತಿಲ ಸ್ನಾನವನ್ನು ಮುಂದಿನ ತಿಂಗಳು ನಿಲ್ಲಿಸುವುದು ಎಂದು ಆಕೆಯ ಒಪ್ಪಿಗೆಯಿಂದಲೇ ಬರೆದುಕೊಂಡೆವು.

ಯೇಲ್-ಬ್ರೌನ್ ಅಂಕ ಶೇ. 35ರಷ್ಟಾದರೂ ಇಳಿದರೆ ಚಿಕಿತ್ಸೆ ಫಲಿಸಿದೆ ಎಂದು ಲೆಕ್ಕ. ಎರಡು ಔಷಧಿಗಳು ಪೂರ್ಣ ಪ್ರಮಾಣದಲ್ಲಿ, ಪೂರ್ಣ ಅವಧಿಗೆ ಸೋತರೆ ಕ್ಲೊಮಿಪ್ರಮೈನ್ ಎಂಬ ಹಳೆಯ ಔಷಧಿಯನ್ನು ಯೋಚಿಸುತ್ತೇನೆ, ಇಲ್ಲವೇ ನಿಮ್ಹಾನ್ಸ್‌ನ ಗೀಳು ಚಿಕಿತ್ಸಾಲಯಕ್ಕೆ ಪತ್ರ ಬರೆದು ಕಳಿಸುತ್ತೇನೆ. ದೂರದ ಹಳ್ಳಿಯವರಿಗೆ, ನಡುವೆ ಕಷ್ಟವಾದರೆ ಕರೆ ಮಾಡಲು 2022ರಲ್ಲಿ ಆರಂಭವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416ನ್ನು ಚೀಟಿಯ ಹಿಂಬದಿಯಲ್ಲಿ ಬರೆದುಕೊಡುತ್ತೇನೆ. ಗುಣವಾದ ಮೇಲೂ ಗೀಳಿನ ಮಾತ್ರೆಯನ್ನು ಒಂದೆರಡು ವರ್ಷ ಅದೇ ಪ್ರಮಾಣದಲ್ಲಿ ಮುಂದುವರಿಸಿ, ಅನಂತರ ತಿಂಗಳುಗಳ ಅಂತರದಲ್ಲಿ ಇಳಿಸುತ್ತೇನೆ. ಇಳಿಸುವ ಅವಧಿಯಲ್ಲಿ ರೋಗಿಯ ಕೈಗಳನ್ನಷ್ಟೇ ಗಮನಿಸಬೇಡಿ, ಮನೆಯವರನ್ನು ಮತ್ತೆ ಸಾಕ್ಷಿಗೆ ಕರೆಯುವುದು ಶುರುವಾಯಿತೇ ನೋಡಿ, ಶುರುವಾದರೆ ಮುಂದಿನ ಭೇಟಿಯ ತಾರೀಖಿಗೆ ಕಾಯದೆ ಬನ್ನಿ ಎಂದು ಮನೆಯವರಿಗೆ ಹೇಳಿ ಕಳಿಸುತ್ತೇನೆ.