ಅಜ್ಜಿಯ ಜೀವನ ಚರಿತ್ರೆ ಬರೆದುಕೊಡುವ ಕೆಲಸ: ನನ್ನ ಅನುಭವ

ನಮ್ಮ ಕ್ರೈಸ್ತ ಸಭೆಗಳಲ್ಲಿ ಹಿರಿಯರೊಬ್ಬರು ಕರ್ತನಲ್ಲಿ ನಿದ್ರೆಹೋದರೆ, ಅಂದರೆ ತೀರಿಕೊಂಡರೆ, ಸಮಾಧಿಗೆ ಒಯ್ಯುವ ಮೊದಲು ಅವರ ಜೀವನ ಚರಿತ್ರೆ ಓದುವ ಪದ್ಧತಿ ಇದೆ. ಗಂಡಸರದ್ದು ಬರೆಯುವುದು ಕಷ್ಟವಲ್ಲ. ಎಲ್ಲಿ ಓದಿದರು, ಯಾವ ಕೆಲಸಕ್ಕೆ ಸೇರಿದರು, ಯಾವಾಗ ರಿಟೈರ್ ಆದರು ಅಂತ ಬರೆದರೆ ಒಂದು ಪುಟ ತುಂಬುತ್ತದೆ. ಮನೆ ನೋಡಿಕೊಂಡ ಅಜ್ಜಿಯದ್ದು ಬರೆಯಲು ಕೂತರೆ ನಾಲ್ಕನೇ ಸಾಲಿಗೆ ಪೆನ್ನು ನಿಲ್ಲುತ್ತದೆ: ಹುಟ್ಟಿದರು, ಮದುವೆಯಾದರು, ಇಷ್ಟು ಮಕ್ಕಳು, ದೈವಭಕ್ತೆ. ತೊಂಬತ್ತು ವರ್ಷಕ್ಕೆ ಇಷ್ಟೇನಾ? ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಮನೆಗಳಿಗೆ ಇಂಥವನ್ನು ಬರೆದುಕೊಡುತ್ತಾ ರೂಢಿಯಾದ ಕ್ರಮವನ್ನು ಇಲ್ಲಿ ಇಡುತ್ತಿದ್ದೇನೆ. ಅಜ್ಜಿ ಇರುವಾಗಲೇ ಶುರುಮಾಡಿ. ಅವರು ತೀರಿಕೊಂಡ ರಾತ್ರಿ ಕೂತು ಬರೆದದ್ದರಲ್ಲಿ ಒಂದಾದರೂ ತಾರೀಖು ತಪ್ಪಿರುತ್ತದೆ.

ಮಾತಿಗೆ ಒಳ್ಳೆಯ ಹೊತ್ತು ಬೆಳಗಿನ ತಿಂಡಿ ಮುಗಿದ ಮೇಲೆ, ಹತ್ತರಿಂದ ಹನ್ನೊಂದೂವರೆಯೊಳಗೆ. ಒಂದು ಸಲಕ್ಕೆ ನಲವತ್ತು ನಿಮಿಷ ಸಾಕು. ಆಮೇಲೆ ಸುಸ್ತಾಗಿ "ಹೂಂ, ಹಂಗೇ" ಅನ್ನತೊಡಗುತ್ತಾರೆ, ಆ ಉತ್ತರಗಳನ್ನು ನಂಬುವಂತಿಲ್ಲ. ಫೋನನ್ನು ಮಡಚಿದ ಟವೆಲ್ ಮೇಲಿಟ್ಟು ರೆಕಾರ್ಡ್ ಮಾಡಿ, ಫ್ಯಾನ್ ಆರಿಸಿ. ವಿಡಿಯೋ ಮೊದಲೇ ಬೇಡ, ಸೆರಗು ಸರಿಮಾಡಿಕೊಳ್ಳುವುದರಲ್ಲೇ ಮಾತು ಹೋಗುತ್ತದೆ. ಹಿರಿಮಗನನ್ನು ಪಕ್ಕದಲ್ಲಿ ಕೂರಿಸಬೇಡಿ, ಅಜ್ಜಿಯ ಬದಲು ಅವನೇ ಉತ್ತರ ಕೊಡುತ್ತಾನೆ. ಸೊಸೆಯೋ ಮೊಮ್ಮಗಳೋ ಅವರೆಕಾಯಿ ಸುಲಿಯುತ್ತಾ ಕೂತಿದ್ದರೆ ಮಾತು ತಾನಾಗಿ ಹರಿಯುತ್ತದೆ.

"ನಿಮ್ಮ ಜೀವನ ಹೇಗಿತ್ತಜ್ಜಿ?" ಅಂತ ಕೇಳಿದರೆ "ದೇವರು ನಡೆಸಿದ" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅದು ಅವರಿಗೆ ನಿಜ, ಆದರೆ ನಿಮ್ಮ ಪುಟ ಖಾಲಿ. ಬದಲಿಗೆ, ಮದುವೆಯಾಗಿ ಬಂದ ಮನೆಯಲ್ಲಿ ಒಲೆ ಯಾವ ಗೋಡೆಗಿತ್ತು, ನೀರು ಎಲ್ಲಿಂದ ತರುತ್ತಿದ್ದಿರಿ, ಎಷ್ಟು ಜನಕ್ಕೆ ಮುದ್ದೆ ತೊಳಸುತ್ತಿದ್ದಿರಿ, ಯಾರು ಮೊದಲು ಉಣ್ಣುತ್ತಿದ್ದರು, ಕುಟುಂಬ ಪ್ರಾರ್ಥನೆ ಊಟಕ್ಕೆ ಮುಂಚೆಯೋ ಆಮೇಲೋ ಅಂತ ಕೇಳಿ. ನೀರಿನ ಪ್ರಶ್ನೆಯೊಂದರಿಂದಲೇ ಅವರ ದಿನದ ಅರ್ಧ ಲೆಕ್ಕ ಸಿಗುತ್ತದೆ: ಬಾವಿ, ಬೀದಿ ನಲ್ಲಿ, ಬೋರ್‌ವೆಲ್, ಕೊನೆಗೆ ಟ್ಯಾಂಕರ್. ನಮ್ಮ ಕಡೆ ಮನೆಮಾತು ತೆಲುಗು, ಸಭೆಯ ಮಾತು ಕನ್ನಡ, ಕೆಜಿಎಫ್ ನೆಂಟರಿದ್ದರೆ ತಮಿಳೂ ಉಂಟು. ಪ್ರಾರ್ಥನೆ ಯಾವ ಭಾಷೆಯಲ್ಲಿ ಬಂತೋ ಅದೇ ಮಾತಿನಲ್ಲಿ ಬರೆದುಕೊಳ್ಳಿ, ತಿದ್ದಬೇಡಿ.

ಹೆಚ್ಚು ತಪ್ಪಾಗುವುದು ವರ್ಷದಲ್ಲಿ. ಅಜ್ಜಿಯರು ಇಸವಿ ಹೇಳುವುದಿಲ್ಲ, ಘಟನೆ ಹೇಳುತ್ತಾರೆ. ಹಾಗಾಗಿ ಒಂದು ಹಾಳೆಯಲ್ಲಿ ಗೂಟದಂಥ ತಾರೀಖುಗಳನ್ನು ಬರೆದಿಟ್ಟುಕೊಳ್ಳುತ್ತೇನೆ. ವಿದುರಾಶ್ವತ್ಥದ ಗೋಲಿಬಾರು 1938ರ ಏಪ್ರಿಲ್ 25. ಆಣೆಯ ಬದಲು ನಯಾಪೈಸೆ ಬಂದದ್ದು 1957ರ ಏಪ್ರಿಲ್ 1. ನೆಹರೂ ತೀರಿಕೊಂಡದ್ದು 1964ರ ಮೇ 27. ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1. ಕೆಜಿಎಫ್ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28. "ಎರಡನೆಯವನು ಹೊಟ್ಟೆಯಲ್ಲಿದ್ದಾಗ ಅಂಗಡಿಯವನು ಆಣೆ ತಗೊಳ್ಳಲ್ಲ ಅಂದ" ಎಂದರೆ 1957ರ ಆಚೆಗೆ ಹುಡುಕಿ. ಆಣೆ ಕೂಡಲೇ ಮಾಯವಾಗಲಿಲ್ಲ, ಕೆಲವು ವರ್ಷ ಮುಂದಕ್ಕೂ ಬಿಟ್ಟುಕೊಳ್ಳಿ. ಸಭೆಯ ಹಬ್ಬಗಳೂ ನೆರವಾಗುತ್ತವೆ, ಆದರೆ ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಓಡಾಡುತ್ತದೆ. "ಈಸ್ಟರ್ ಮಾರನೇ ದಿನ ಹುಟ್ಟಿದಳು, ಐವತ್ನಾಲ್ಕನೇ ಇಸವಿ" ಅಂದರೆ ಆ ವರ್ಷದ ಈಸ್ಟರ್ ಏಪ್ರಿಲ್ 18, ಮಗು ಹುಟ್ಟಿದ್ದು 19, ಸೋಮವಾರ. ಹೀಗೆ ಸಿಕ್ಕಿದ ತಾರೀಖನ್ನು ಸಭೆಯ ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ರಿಜಿಸ್ಟರಿನ ಜೊತೆ ಹೋಲಿಸಬೇಕು.

ಆಧಾರ್ ಕಾರ್ಡಿನ ಹುಟ್ಟಿದ ತಾರೀಖನ್ನು ನಂಬಬೇಡಿ. ಶಾಲೆಯದ್ದು ಮೇಷ್ಟ್ರು ಅಂದಾಜಿಗೆ ಬರೆದದ್ದಿರಬಹುದು. ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಸಾಮಾನ್ಯವಾಗಿ ಹುಟ್ಟಿದ ದಿನ, ದೀಕ್ಷಾಸ್ನಾನದ ದಿನ, ತಂದೆತಾಯಿ, ಊರು, ತಂದೆಯ ಕಸುಬು, ಸ್ನಾನ ಕೊಟ್ಟವರ ಸಹಿ ಇರುತ್ತವೆ. ಎರಡು ತಾರೀಖುಗಳನ್ನು ಅದಲುಬದಲು ಮಾಡಿ ನಕಲು ಮಾಡಿಕೊಳ್ಳುವವರು ಬಹಳ. ಅಯ್ಯನವರ (ಸಭೆಯ ಪಾದ್ರಿಯ) ಹತ್ತಿರ ಭಾನುವಾರ ಆರಾಧನೆ ಮುಗಿದ ಗದ್ದಲದಲ್ಲಿ ಕೇಳಬೇಡಿ, ವಾರದ ನಡುವೆ ಹೋಗಿ. ಅಂದಾಜು ಇಸವಿ, ತವರಿನ ಹೆಸರು, ಮನೆಯಲ್ಲಿ ಕರೆಯುವ ಹೆಸರು ಮೂರನ್ನೂ ಚೀಟಿಯಲ್ಲಿ ಬರೆದುಕೊಡಿ. ರಿಜಿಸ್ಟರಿನಲ್ಲಿ ರಾಹೇಲಮ್ಮ, ಮನೆಯಲ್ಲಿ ಪಾಪಮ್ಮ ಆಗಿದ್ದರೆ ಬರೀ ಪಾಪಮ್ಮನನ್ನು ಹುಡುಕಿ ಪ್ರಯೋಜನವಿಲ್ಲ.

ಯಾವ ಮಿಷನ್ನಿನ ಸಭೆ ಅನ್ನುವುದನ್ನೂ ತಿಳಿದುಕೊಳ್ಳಿ, ಹಳೆಯ ಕಾಗದ ಎಲ್ಲಿ ಹೋಗಿದೆ ಅನ್ನುವುದು ಅದರ ಮೇಲಿದೆ. ತುಮಕೂರು, ಗುಬ್ಬಿ ಕಡೆ ವೆಸ್ಲಿಯನ್ ಮಿಷನ್, ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್, ಕೋಲಾರದಲ್ಲಿ ಅಮೆರಿಕದ ಮೆಥೋಡಿಸ್ಟರು. ಮೊದಲಿನ ಎರಡೂ 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೆ ಸೇರಿದವು, ಕೋಲಾರದ ಮೆಥೋಡಿಸ್ಟರು ಸೇರಲಿಲ್ಲ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹದಲ್ಲೂ ಹಳೆಯ ಮಿಷನ್ ಕಾಗದಗಳಿವೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೂ ಹಿಂದಿನ ಕಾಗದದಲ್ಲಿ 'ಕೋಲಾರ ಜಿಲ್ಲೆ' ಅಂತ ಇದ್ದರೆ ಅದು ತಪ್ಪಲ್ಲ. ಬಂಗಾರಪೇಟೆ 'ಬೌರಿಂಗ್‌ಪೇಟೆ' ಅಂತ ಇದ್ದರೂ ಹಾಗೆಯೇ.

ಅಜ್ಜಿಯ ಸತ್ಯವೇದ (ಬೈಬಲ್) ಸಿಕ್ಕಿದರೆ ಅರ್ಧ ಚರಿತ್ರೆ ಸಿಕ್ಕಿತು. ಮೊದಲ ಖಾಲಿ ಹಾಳೆಗಳಲ್ಲಿ ಮಕ್ಕಳ ಹುಟ್ಟು, ಸಾವು, ಮದುವೆಯ ತಾರೀಖು ಬರೆದಿರುತ್ತಾರೆ. ಅಂಚಿನಲ್ಲಿ ಪೆನ್ಸಿಲ್ ಗೀಟು ಎಳೆದು ತಾರೀಖು ಹಾಕಿದ ವಚನಗಳಿಗೆ ಇನ್ನೂ ಹೆಚ್ಚು ಬೆಲೆ. ಆ ತಾರೀಖನ್ನು ಮನೆಯ ಘಟನೆಗಳ ಜೊತೆ ಇಟ್ಟು ನೋಡಿ: ಆಪರೇಷನ್, ಅಡವಿಟ್ಟ ಒಡವೆ, ಮಗುವಿನ ಸಾವು. ಹಳೆಯ ಹಾಳೆ ಹಪ್ಪಳದ ಹಾಗೆ ಮುರಿಯುತ್ತದೆ, ಪುಸ್ತಕವನ್ನು ಒತ್ತಿ ಚಪ್ಪಟೆ ಮಾಡಬೇಡಿ. ಎರಡೂ ಕಡೆ ದಿಂಬು ಕೊಟ್ಟು, ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆಯಿರಿ. ನಡುವೆ ಸಿಕ್ಕಿದ ಒಣ ಎಲೆ, ಕಾಣಿಕೆ ರಸೀದಿಗಳನ್ನು ಅದೇ ಪುಟದಲ್ಲಿ ಬಿಡಿ. ಲ್ಯಾಮಿನೇಷನ್ ಮಾಡಿಸಿದರೆ ಮತ್ತೆ ಬಿಡಿಸಲಾಗದು.

ಇನ್ನು ಅಡುಗೆಮನೆ. ಅಜ್ಜಿಯ ದುಡಿಮೆ ಅಳತೆಯಲ್ಲಿ ಸಿಗುವ ಜಾಗ ಇದೊಂದೇ. ಅನ್ನಕ್ಕಿಡುವ ಮೊದಲು ಸಭೆಗೆಂದು ಒಂದು ಹಿಡಿ ಅಕ್ಕಿ ಬೇರೆ ಮಡಕೆಗೆ ಹಾಕುತ್ತಿದ್ದವರಿದ್ದರೆ, ಅವರ ಕೈಯಿಂದಲೇ ಒಂದು ಹಿಡಿ ತೆಗೆಸಿ ತೂಗಿ. 45 ಗ್ರಾಂ ಬಂತು ಅಂದುಕೊಳ್ಳಿ. ದಿನಕ್ಕೊಮ್ಮೆ ಆದರೆ ವರ್ಷಕ್ಕೆ 16 ಕೆಜಿ, 50 ವರ್ಷಕ್ಕೆ ಎಂಟು ಕ್ವಿಂಟಾಲ್. 'ದಾನಶೀಲೆ' ಅನ್ನುವ ಪದಕ್ಕಿಂತ ಈ ಲೆಕ್ಕ ಕೇಳುವವರಿಗೆ ತಟ್ಟುತ್ತದೆ. ಆದರೆ ಮುದ್ದೆಯ ಸೀಮೆಯಲ್ಲಿ ಮೊದಲೆಲ್ಲ ದಿನವೂ ಅನ್ನ ಬೇಯುತ್ತಿರಲಿಲ್ಲ. ಯಾವಾಗಿನಿಂದ ದಿನವೂ ಅಕ್ಕಿ, ಅದಕ್ಕೂ ಮುಂಚೆ ಏನು ತೆಗೆದಿಡುತ್ತಿದ್ದಿರಿ ಅಂತ ಕೇಳದೆ ಗುಣಿಸಬೇಡಿ.

ಕ್ರಿಸ್ಮಸ್ ತಿಂಡಿಯನ್ನು "ಕೈಯಳತೆ ಕಣಪ್ಪ" ಅಂತ ಹೇಳಿಬಿಡುತ್ತಾರೆ. ಕೈ ತಡೆದು ತೂಗಿದರೆ ಅವರ ಅಂದಾಜೇ ಕೆಡುತ್ತದೆ. ಹಿಟ್ಟಿನ ಡಬ್ಬ, ಸಕ್ಕರೆ ಡಬ್ಬಗಳನ್ನು ಮೊದಲೇ ತೂಗಿಡಿ, ಕೆಲಸ ಮುಗಿದ ಮೇಲೆ ಮತ್ತೆ ತೂಗಿ, ವ್ಯತ್ಯಾಸ ಬರೆಯಿರಿ. ಹೀಗೆ ಹಿಡಿದ ಗುಲಾಬಿ ಹೂವಿನ (ಹೂವಿನ ಅಚ್ಚಿನಲ್ಲಿ ಕರಿಯುವ ತಿಂಡಿ) ಒಂದು ಅಳತೆ: ಮೈದಾ 250 ಗ್ರಾಂ, ಅಕ್ಕಿಹಿಟ್ಟು 125 ಗ್ರಾಂ, ಸಕ್ಕರೆ ಪುಡಿ 125 ಗ್ರಾಂ, ಮೊಟ್ಟೆ ಎರಡು, ತೆಂಗಿನ ಹಾಲು ಸುಮಾರು 400 ಮಿಲಿ, ಚಿಟಿಕೆ ಉಪ್ಪು, ಒಂದು ಚಮಚ ಕಪ್ಪು ಎಳ್ಳು. ಹಿಟ್ಟು ದೋಸೆ ಹಿಟ್ಟಿಗಿಂತ ಕೊಂಚ ತೆಳು ಇರಲಿ. ಅಚ್ಚನ್ನು ಎಣ್ಣೆಯಲ್ಲೇ ಕಾಯಿಸಿ, ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಹಿಟ್ಟು ಮೇಲಿನ ಅಂಚು ದಾಟಿದರೆ ಹೂವು ಬಿಡುವುದಿಲ್ಲ. ಅಚ್ಚು ಸರಿಯಾಗಿ ಕಾಯದಿದ್ದರೆ ಹಿಟ್ಟು ಹಿಡಿಯದೆ ಜಾರುತ್ತದೆ, ಅತಿಯಾಗಿ ಕಾದರೆ ಚುರ್ ಅಂದು ಹಿಟ್ಟಿನ ಪಾತ್ರೆಯಲ್ಲೇ ಬೇಯುತ್ತದೆ. ಸಕ್ಕರೆ ಹೆಚ್ಚಾದರೆ ಬೇಗ ಕೆಂಪಾಗಿ ಮೆತ್ತಗೆ ಉಳಿಯುತ್ತದೆ. ಎಷ್ಟು ಮನೆಗೆ ತಟ್ಟೆ ಹೋಗುತ್ತಿತ್ತು, ಯಾವ ಮನೆಗೆ ಮೊಟ್ಟೆ ಹಾಕದ್ದನ್ನು ಬೇರೆ ಮಾಡಿ ಕಳಿಸುತ್ತಿದ್ದರು ಅನ್ನುವುದನ್ನೂ ಬರೆಯಿರಿ. ಒಂದು ಬೀದಿಯ ನೆರೆಹೊರೆ ಅದರಲ್ಲಿದೆ.

ಫೋಟೋಗಳಿಗೆ ಹೆಚ್ಚು ಮಾತು ಬೇಡ: ಆಲ್ಬಮ್ಮಿನಿಂದ ಕೀಳಬೇಡಿ, 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಹಿಂದೆ ಹೆಸರು ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್.

ಓದುವ ಪ್ರತಿ ಐದು ನಿಮಿಷ ದಾಟಬಾರದು, ಸುಮಾರು 450 ಪದ. ಅತ್ತು ಗಂಟಲು ಕಟ್ಟಿದವರು ಓದುವುದರಿಂದ ಅಕ್ಷರ 16 ಪಾಯಿಂಟ್ ಇರಲಿ, ವಾಕ್ಯ ಚಿಕ್ಕದಿರಲಿ. ಹೆತ್ತದ್ದೆಷ್ಟು, ಉಳಿದದ್ದೆಷ್ಟು ಎರಡನ್ನೂ ಬರೆಯಿರಿ. ತೀರಿಹೋದ ಕೂಸುಗಳನ್ನು ಲೆಕ್ಕದಿಂದ ಬಿಟ್ಟಾಗ ನೊಂದುಕೊಳ್ಳುವವರು ಅಜ್ಜಿಯೇ. ಮಕ್ಕಳ ಹೆಸರು ಹುಟ್ಟಿದ ಕ್ರಮದಲ್ಲಿರಲಿ, ಗಂಡುಮಕ್ಕಳು ಮೊದಲು ಬೇಡ. ವರ್ಷಗಟ್ಟಲೆ ಹಾಸಿಗೆ ಬದಲಿಸಿದ ಸೊಸೆಯ ಹೆಸರು ಬಿಟ್ಟುಹೋದರೆ ಮನೆಯಲ್ಲಿ ಬಹಳ ದಿನ ಅದೇ ಮಾತು. ಬರೆದದ್ದನ್ನು ಅಜ್ಜಿಗೆ ಓದಿ ಹೇಳಿ. "ಇದು ಬೇಡಪ್ಪ" ಅಂದದ್ದನ್ನು ಚರ್ಚಿಸದೆ ಹೊಡೆದುಹಾಕಿ.

ಪುಸ್ತಿಕೆ ಮಾಡಿಸುವುದಾದರೆ ಪುಟಗಳು ನಾಲ್ಕರ ಗುಣಕದಲ್ಲಿರಬೇಕು, ನಡುವೆ ಪಿನ್ ಹೊಡೆಯಲು 24 ಪುಟ ಅನುಕೂಲ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಿಸಿದರೆ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹಾರಬಹುದು, 'ಕರ್ತನು' ಬರುವ ಕಡೆಯೆಲ್ಲ ಕಣ್ಣಿಟ್ಟು ನೋಡಿ. ಪ್ರೆಸ್ಸಿಗೆ ಫಾಂಟ್ ಸೇರಿಸಿದ ಪಿಡಿಎಫ್ ಕೊಡಿ.

ಸಮಾಧಿ ಕಲ್ಲಿಗೆ ಎಲ್ಲರೂ ಗುಣವತಿಯಾದ ಹೆಂಡತಿಯನ್ನು ಹೊಗಳುವ ಜ್ಞಾನೋಕ್ತಿ 31:10 ಕೇಳುತ್ತಾರೆ. ಅಜ್ಜಿ ಪೆನ್ಸಿಲ್ ಗೀಟು ಎಳೆದ ವಚನ ಇರುವಾಗ ಅದನ್ನೇ ಹಾಕಿಸಿ ಅಂತ ಹೇಳುತ್ತೇನೆ. ಉದ್ದವಾದರೆ ಅಧ್ಯಾಯ, ವಚನದ ಅಂಕಿ ಸಾಕು, ಗ್ರಾನೈಟಿನಲ್ಲಿ ಸಣ್ಣ ಒತ್ತಕ್ಷರ ಕೆತ್ತಿದರೆ ಚಕ್ಕೆ ಏಳುತ್ತದೆ. ಕೆತ್ತುವವರಿಗೆ ವಾಟ್ಸ್ಆ್ಯಪ್ ಮೆಸೇಜು ಕಳಿಸಿ ಕೈತೊಳೆದುಕೊಳ್ಳಬೇಡಿ. ನಿಜ ಅಳತೆಯ ಪ್ರಿಂಟ್ ತೆಗೆದು ಕೊಡಿ, ಕಲ್ಲಿನ ಮೇಲೆ ಗುರುತು ಹಾಕಿದ ಮೇಲೆ ಉಳಿ ಮುಟ್ಟಿಸುವ ಮೊದಲು ಹೋಗಿ ತಾರೀಖನ್ನು ರಿಜಿಸ್ಟರಿನ ನಕಲಿನ ಜೊತೆ ಒಂದೊಂದೇ ಅಂಕಿಯಾಗಿ ಹೋಲಿಸಿ.